ರಂಗೂನಿನ ಅಸಲು ಕಾಗದ

ಬಸವಂತರಾಯ ಕಾಗದವನ್ನು ಓದುವ ಮೊದಲು ಮೂಸಿ ನೋಡಿದ. ಬಾಯಿತುಂಬ ಎಲೆಯಡಿಕೆಯಿತ್ತು. ರಸ ಚೆಲ್ಲದಂತೆ ಗದ್ದ ಮೇಲೆತ್ತಿ, "ಏನೋ ತಮ್ಮಾ ಇದು, ಬೆವರಿನ ನಾತ ಹೊಡಿಯಾಕತ್ತದಲ್ಲ," ಅಂದ.

ಜಮಖಾನದ ತುದಿಯಲ್ಲಿ ಕೂತಿದ್ದ ಬೀರಣ್ಣನ ಕಿವಿ ಬಿಸಿಯಾದವು. "ನಮ್ಮವ್ವ ನಡಕ್ಕ ಕಟಗೊಂಡು ತಂದಾಳ್ರಿ. ನಲವತ್ತು ದಿನದ ಹಾದಿ ಇತ್ರಿ."

"ಹೌದಪಾ, ಕೇಳೇನಿ," ಎಂದು ಬಸವಂತರಾಯ ಪಿಕದಾನಿಗೆ ಉಗುಳಿದ. ಬೆರಳಿನಿಂದ ತುಟಿ ಒರೆಸಿಕೊಂಡು ಅದೇ ಬೆರಳಿನಿಂದ ಕಾಗದದ ಮಡಿಕೆ ಬಿಡಿಸಿದ. ಮೂಲೆಯಲ್ಲಿ ಕೆಂಪಗೆ ಬೆರಳಚ್ಚು ಬಿತ್ತು. ಬೀರಣ್ಣ ಅದನ್ನು ನೋಡಿ ಕಣ್ಣು ಬೇರೆ ಕಡೆ ತಿರುಗಿಸಿದ. ಕೆಲಸ ಆಗಬೇಕಾದವನು ಅವನು.

ಬೀರಣ್ಣ ಹುಟ್ಟಿದ್ದೇ ರಂಗೂನಿನಲ್ಲಿ. ಅವನಪ್ಪ ಹುಲೆಪ್ಪ ಜೇವರ್ಗಿ ಕಡೆಯ ಇಜೇರಿಯ ಕುರುಬ. ಯಾವನೋ ದನದ ಡಾಕ್ಟರ ಸಾಹೇಬನ ಕುದುರೆ ನೋಡಿಕೊಳ್ಳಲು ಸೇರಿ, ಆ ಸಾಹೇಬನ ಬೆನ್ನು ಹತ್ತಿ ಹಡಗು ಏರಿದವನು, ಅಲ್ಲಿಯ ಪಶು ಆಸ್ಪತ್ರೆಯಲ್ಲೇ ಜವಾನನಾಗಿ ನಿಂತ. ತಾನು ಹೆಬ್ಬೆಟ್ಟು, ಆದರೆ ಮಗನನ್ನು ಮಿಶನ್ ಶಾಲೆಗೆ ಹಾಕಿದ. ಮಗ ಮೆಟ್ರಿಕ್ ಪಾಸಾಗಿ ಕಾಲೇಜು ಸೇರಿದ, ಎರಡು ವರ್ಷದ ಇಂಟರ್‌ನ ಮೊದಲ ವರ್ಷ ಮುಗಿಸಿದ, ಎರಡನೆಯ ವರ್ಷದ ಅರ್ಧಕ್ಕೆ ಬಂದಿದ್ದ. ಆಗ ನಲವತ್ತೊಂದನೆಯ ಇಸವಿಯ ಡಿಸೆಂಬರಿನ ಒಂದು ಬೆಳಿಗ್ಗೆ ಜಪಾನಿನ ವಿಮಾನಗಳು ಬಂದವು. ಊರಿಗೆ ಊರೇ ಕಾಲಿಗೆ ಬುದ್ಧಿ ಹೇಳಿತು. ಹುಲೆಪ್ಪ, ಅವನ ಹೆಂಡತಿ ನಿಂಬೆವ್ವ, ಮಗ ಬೀರಣ್ಣ ಮೂವರೂ ರಂಗೂನಿನ ಉತ್ತರಕ್ಕಿರುವ ಪ್ರೋಮ್‌ನಿಂದ ಬೆಟ್ಟದ ಹಾದಿ ಹಿಡಿದು ಸಮುದ್ರದ ಕಡೆ ನಡೆದರು. ಹಾದಿಯಲ್ಲಿ ಕಾಲರಾ. ಹುಲೆಪ್ಪ ಒಂದು ಮಧ್ಯಾಹ್ನ ಮಲಗಿದವನು ಏಳಲಿಲ್ಲ. ಮಣ್ಣು ಮಾಡಲು ಸಲಿಕೆ ಇರಲಿಲ್ಲ. ತಾಯಿ ಮಗ ಕೈಯಿಂದ ಎಲೆ ಮುಚ್ಚಿ ಮುಂದೆ ನಡೆದರು. ಆಗ ನಿಂಬೆವ್ವ ಪಾತ್ರೆ ಬಿಟ್ಟಳು, ಹಾಸಿಗೆ ಬಿಟ್ಟಳು. ಎಣ್ಣೆಬಟ್ಟೆಯಲ್ಲಿ ಸುತ್ತಿದ ಮಗನ ಕಾಗದಗಳನ್ನು ಮಾತ್ರ ಸೀರೆಯೊಳಗೆ ನಡುವಿಗೆ ಕಟ್ಟಿಕೊಂಡಳು. "ಇದರ ಸಲುವಾಗಿ ನಿಮ್ಮಪ್ಪ ಹನ್ನೆರಡು ವರ್ಷ ದನದ ಸಗಣಿ ಬಳ್ಯಾನ," ಅಂದಳು.

ಇಜೇರಿಗೆ ಬಂದು ಮುಟ್ಟಿದ್ದು ಯುಗಾದಿಯ ಹೊತ್ತಿಗೆ. ಷಹರದ ಕಾಲೇಜಿನಲ್ಲಿ ಇಂಟರ್ ಎರಡನೆಯ ವರ್ಷಕ್ಕೆ ಸೇರಿಕೊಂಡರೆ ಒಂದೇ ವರ್ಷದಲ್ಲಿ ಓದು ಮುಗಿಯುತ್ತದೆ, ಎಲ್ಲಾದರೂ ಕಾರಕೂನನಾಗಬಹುದು ಎಂಬುದು ಬೀರಣ್ಣನ ಲೆಕ್ಕ. ಆದರೆ ನಿಜಾಮರ ರಾಜ್ಯದಲ್ಲಿ ಪಾಠವೂ ಉರ್ದು, ಅರ್ಜಿಯೂ ಉರ್ದು. ಅವನಿಗೆ ಉರ್ದು ಮಾತು ಬರುತ್ತಿತ್ತು, ಅಕ್ಷರ ಬರುತ್ತಿರಲಿಲ್ಲ. ಜೇವರ್ಗಿಯಲ್ಲಿ ಗೌಸಮೊಹಿದ್ದೀನ ಎಂಬ ಹಳೆಯ ಮಾಸ್ತರರಿದ್ದರು. ನೌಕರಿಯಿಂದ ನಿವೃತ್ತರಾಗಿ ಮನೆಯಲ್ಲಿ ಹುಂಜಗಳನ್ನು ಸಾಕಿಕೊಂಡಿದ್ದರು. ಅವರು ಮೂರು ತಿಂಗಳು ದಿನಾ ಬೆಳಿಗ್ಗೆ ಬೀರಣ್ಣನಿಗೆ ಅಕ್ಷರ ತಿದ್ದಿಸಿದರು. "ನಿನ್ನ ಕಾಗದ ಇಂಗ್ಲಿಷ್‌ದಾಗ ಅವ, ಬೇಟಾ. ನನಗ ಇಂಗ್ಲಿಷ್ ಬರೂದಿಲ್ಲ. ತರ್ಜುಮೆ ಮಾಡಿ ಮೊಹರು ಹಾಕೋರು ಬೇಕು," ಅಂದರು.

ಆಗ ಮುಂದೆ ಬಂದವನು ನಿಂಬೆವ್ವನ ತಮ್ಮ ಮಾಳಪ್ಪ. ಅವನ ಊರು ಆಳಂದ ತಾಲೂಕಿನ ಮಟಕಿ. ಆಳಂದದ ಬಜಾರಿನಲ್ಲಿ ಬಸವಂತರಾಯ ಎಂಬ ದೊಡ್ಡ ಅರ್ಜಿ ಬರೆಯುವವನಿದ್ದಾನೆ, ಇಂಗ್ಲಿಷು ಮರಾಠಿ ಎಲ್ಲ ಉರ್ದುವಿಗೆ ತಿರುಗಿಸುತ್ತಾನೆ, ಅವನ ಮೊಹರು ಬಿದ್ದ ಕಾಗದ ಎಲ್ಲೂ ವಾಪಸು ಬಂದದ್ದಿಲ್ಲ ಎಂದು ಹೇಳಿ ಸೋದರಳಿಯನನ್ನು ಕರೆದುಕೊಂಡು ಬಂದಿದ್ದ.

ಬಸವಂತರಾಯ ಕಾಗದಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡಿದ. ಮೆಟ್ರಿಕ್ ಸರ್ಟಿಫಿಕೇಟು, ಮೊದಲ ವರ್ಷದ ಅಂಕಪಟ್ಟಿ, ನಡತೆಯ ಪತ್ರ. ಕಾಲೇಜಿನ ಮೊಹರನ್ನು ಬಹಳ ಹೊತ್ತು ನೋಡಿದ. ಸಹಿಯನ್ನು ಉಗುರಿನಿಂದ ಸವರಿದ.

"ಭಾಳ ಚಂದ ಅವ," ಅಂದ. "ಮಾಳಪ್ಪಾ, ನಿನ್ನ ಅಳಿಯ ಅಂದ್ರ ನನ್ನ ಮಗ ಇದ್ದಂಗ. ಒಂದು ಪೈ ಬ್ಯಾಡ. ಅಸಲು ಇಲ್ಲೇ ಇರ್ಲಿ, ತರ್ಜುಮೆಗೆ ಹೋಲಿಸಿ ನೋಡಬೇಕಾಗ್ತದ. ಕಾಲೇಜಿಗೆ ನಾನೇ ಮುಟ್ಟಸ್ತೇನಿ."

ಮಾಳಪ್ಪ ಬಗ್ಗಿ ಕಾಲು ಮುಟ್ಟಿದ. ಬೀರಣ್ಣನೂ ಮುಟ್ಟಿದ. ಪುಗಸಟ್ಟೆ ಉಪಕಾರ ಮಾಡುವ ಮನುಷ್ಯನ ಬಗ್ಗೆ ಅನುಮಾನ ಪಡುವಷ್ಟು ಈ ಸೀಮೆಯ ಅನುಭವ ಅವನಿಗಿರಲಿಲ್ಲ.

ಒಂದು ತಿಂಗಳು ಸುದ್ದಿಯಿಲ್ಲ. ಕಾಲೇಜು ತೆರೆಯುವ ದಿನ ಹತ್ತಿರವಾಯಿತು. ಬೀರಣ್ಣ ಭೀಮಾ ಹೊಳೆ ದಾಟಿ ಷಹರಕ್ಕೆ ನಡೆದ. ಕಾಲೇಜಿನ ಕಚೇರಿಯ ಕಿಟಕಿಯಲ್ಲಿ ಕಾರಕೂನ ಕಡತ ತಿರುವಿ, "ನಿನ್ನ ಕಾಗದ ಬಂದಾವ. ತಪಾಸಣೆ ನಡದದ," ಅಂದ. "ಅಸಲು ಏನೋ ಹೊಲಸಾಗ್ಯಾವ. ನೀರು ಬಿದ್ದದ, ಕಲೆ ಅದ. ಉಳಿದ ನಾಕು ಮಂದೀವು ಹೆಂಗ ಸ್ವಚ್ಛ ಅವ ನೋಡು."

"ಯಾವ ನಾಕು ಮಂದಿರಿ?"

"ರಂಗೂನಿನಿಂದ ಬಂದೋರು. ಈ ವರ್ಷ ಐದು ಮಂದಿ ಆಗೀರಿ ನೀವು."

ಬೀರಣ್ಣ ಕಿಟಕಿಯ ಕಬ್ಬಿಣದ ಸರಳಿಗೆ ಮುಖ ಹಚ್ಚಿದ. ಸಂತೋಷಕ್ಕೆ. ಇಜೇರಿಗೆ ಬಂದ ಮೇಲೆ ಅವನು ರಂಗೂನಿನ ಮಾತು ಆಡಿದ್ದೇ ಇಲ್ಲ; ಯಾರ ಜೊತೆ ಆಡಬೇಕು? ಆ ಬೆಟ್ಟದ ಹಾದಿಯನ್ನು ಕಂಡ ಇನ್ನೊಂದು ಜೀವ ಈ ಸೀಮೆಯಲ್ಲಿದೆ ಎಂದು ಅವನಿಗೆ ಗೊತ್ತೇ ಇರಲಿಲ್ಲ. ಅವರು ಯಾವ ಊರಿನವರು ಎಂದು ಬೇಡಿ ಬೇಡಿ ಕೇಳಿದ. ಕಾರಕೂನ ಒಂದು ಹೆಸರು ಓದಿದ: ಭೀಮಶಾ, ಅಫಜಲಪುರದವನು.

ಮನೆಗೆ ಬಂದು ಹೇಳಿದಾಗ ನಿಂಬೆವ್ವ ಒಲೆಯ ಮುಂದಿನಿಂದ ಎದ್ದಳು. "ಯಾರ ಮಗ ಅದಾನೋ ಪಾಪ! ತಾಯಿ ತಂದಿ ಉಳದಾರೋ ಇಲ್ಲೋ," ಅಂದವಳು, ಆ ರಾತ್ರಿ ಸಜ್ಜೆ ರೊಟ್ಟಿ ಬಡಿದಳು, ಶೇಂಗಾ ಹಿಂಡಿ ಕುಟ್ಟಿದಳು, ಇದ್ದ ಒಂದು ಹಿಡಿ ಬೆಲ್ಲದಲ್ಲಿ ಎಳ್ಳು ಹಾಕಿ ನಾಕು ಉಂಡೆ ಕಟ್ಟಿದಳು. ಗಂಟು ಕೊಡುವಾಗ, "ನಿಮ್ಮಪ್ಪ ಮಲಗಿದ ಹಳ್ಳ ಅವ ದಾಟಿರಬೇಕು. ಮೂರು ಬಿದಿರು ಮೆಳೆ ಇರೂ ಜಾಗ. ನೋಡ್ಯಾನೇನು ಕೇಳು," ಅಂದಳು.

ಪೆಟ್ರೋಲಿಲ್ಲದೆ ಇದ್ದಿಲಿನ ಹೊಗೆಯಲ್ಲಿ ಓಡುತ್ತಿದ್ದ ಬಸ್ಸು ಅರ್ಧ ದಾರಿಗೆ ನಿಂತಿತು. ಉಳಿದ ದಾರಿ ನಡೆದು ಬೀರಣ್ಣ ಅಫಜಲಪುರ ಮುಟ್ಟಿದಾಗ ಊಟದ ಹೊತ್ತು ಮೀರಿತ್ತು. ಭೀಮಶಾನ ಮನೆ ಕೇಳಿದರೆ ಎಲ್ಲರೂ ತೋರಿಸಿದರು. ದೊಡ್ಡ ವಾಡೆ, ಬಾಗಿಲಲ್ಲಿ ಎರಡು ಕುದುರೆ. ಅವನಪ್ಪನಿಗೆ ಹನ್ನೊಂದು ಹಳ್ಳಿಗಳಲ್ಲಿ ಹೊಲಗಳಿದ್ದವಂತೆ. ಇಂಥ ಮನೆಯವನು ರಂಗೂನಿಗೆ ಯಾಕೆ ಹೋದ ಎಂದು ಬೀರಣ್ಣನಿಗೆ ಅರೆಗಳಿಗೆ ಅನ್ನಿಸಿತು. ಓದಲು ಹೋಗಿರಬಹುದು ಎಂದು ತಾನೇ ಉತ್ತರ ಹೇಳಿಕೊಂಡ.

ಭೀಮಶಾ ಒಳ್ಳೆ ಮೈಕಟ್ಟಿನ ಹುಡುಗ, ನಗುಮುಖ. ಹೆಸರು ಹೇಳಿದ್ದೇ ತಡ, ಬೀರಣ್ಣನ ಎರಡೂ ಕೈ ಹಿಡಿದು ಮಾಳಿಗೆಗೆ ಕರೆದೊಯ್ದ.

"ಆಳಂದದ ರಾಯರು ಹೇಳಿದ್ರು ನಿನ್ನ ಕಳಸ್ತೇನಿ ಅಂತ. ಇಷ್ಟು ಲಗೂ ಬರ್ತಿ ಅಂತ ಅಂದಿರಲಿಲ್ಲ. ಗಂಟಿನ್ಯಾಗ ಏನದ?"

"ನಮ್ಮವ್ವ ಕೊಟ್ಟಾಳ. ಅಲ್ಲಿಂದ ಬಂದೋರು ಅಂತ—"

ಭೀಮಶಾ ಆಗಲೇ ಗಂಟು ಬಿಚ್ಚಿದ್ದ. ಒಂದು ಎಳ್ಳುಂಡೆ ಬಾಯಿಗೆ ಹಾಕಿಕೊಂಡು, ಮಂಚದ ಮೇಲೆ ಕಾಲು ಮಡಚಿ ಕೂತು, "ಈಗ ಹೇಳಪಾ," ಅಂದ. "ರಂಗೂನ್ ಹೆಂಗ ಅದ? ರೈಲು ಸೀದಾ ಹೋಗ್ತದೇನು, ನಡುವ ಬದಲಿ ಮಾಡಬೇಕೇನು?"

ಬೀರಣ್ಣನಿಗೆ ಅರ್ಥವಾಗಲಿಲ್ಲ. ಹಾಸ್ಯವಿರಬಹುದು ಎಂದು ನಗಲು ನೋಡಿದ.

"ನಗಬ್ಯಾಡಲೇ. ಪ್ರಿನ್ಸಿಪಾಲ್ ಸಾಹೇಬರು ಏನರ ಕೇಳಿದ್ರ ಹೇಳಬೇಕಲ್ಲ. ದೊಡ್ಡ ಗುಡಿ ಒಂದು ಅದ ಅಂತಲ್ಲ, ಬಂಗಾರದ್ದು, ಅದರ ಹೆಸರೇನು? ನಮ್ಮ ಕಾಲೇಜು ಯಾವ ರಸ್ತೆದಾಗ ಅದ? ಅಲ್ಲಿ ಮಂದಿ ಏನ್ ಉಣ್ತಾರ?"

"ನಮ್ಮ ಕಾಲೇಜು" ಎಂಬ ಮಾತು ಬೀರಣ್ಣನ ಕಿವಿಯಲ್ಲಿ ಹುಳದ ಹಾಗೆ ಹೊಕ್ಕಿತು. "ನೀ ರಂಗೂನ್ ನೋಡಿಲ್ಲೇನು?" ಅಂದ.

"ನಾ ಸೊಲ್ಲಾಪುರದ ಆಚೆ ಹೋಗಿಲ್ಲ," ಎಂದು ಭೀಮಶಾ ನಕ್ಕ. "ಅಲ್ಲೇ ಮೆಟ್ರಿಕ್ ಎರಡು ಸಲ ಕೂತೆ, ಎರಡು ಸಲನೂ ಹೋತು. ರಾಯರು ಪುಣ್ಯಾತ್ಮರು ನೋಡು, ಸೀದಾ ಇಂಟರ್ ಎರಡನೇ ವರ್ಷಕ್ಕ ಏರಿಸ್ಯಾರ." ದಿಂಬಿನ ಕೆಳಗಿಂದ ಒಂದು ಕಾಗದ ತೆಗೆದು ಹೆಮ್ಮೆಯಿಂದ ಮುಂದಿಟ್ಟ. ಉರ್ದು ತರ್ಜುಮೆಯ ನಕಲು.

ಬೀರಣ್ಣ ಅಕ್ಷರ ಕೂಡಿಸಿ ಕೂಡಿಸಿ ಓದಿದ. ಗಣಿತಕ್ಕೆ ಎಪ್ಪತ್ತೊಂದು. ಅದು ಅವನ ಎಪ್ಪತ್ತೊಂದು. ಇಂಗ್ಲಿಷಿಗೆ ಐವತ್ತೆಂಟು. ಅದೂ ಅವನದೇ. ಕೊನೆಗೆ ಷರಾ ಇತ್ತು: ಸದರಿ ವಿದ್ಯಾರ್ಥಿಯು ಜುಲೈ ತಿಂಗಳಲ್ಲಿ ವಿಷಮಜ್ವರದ ಕಾರಣ ಹನ್ನೊಂದು ದಿನ ಗೈರುಹಾಜರಾಗಿದ್ದನು.

ಆ ಹನ್ನೊಂದು ದಿನ ಹುಲೆಪ್ಪ ಆಸ್ಪತ್ರೆಯ ಕೆಲಸ ಮುಗಿಸಿ ಬಂದು ರಾತ್ರಿಯಿಡೀ ಮಗನ ಹಣೆಗೆ ತಣ್ಣೀರ ಬಟ್ಟೆ ಇಡುತ್ತಿದ್ದ. ಆ ಜ್ವರ ಈಗ ಈ ಹುಡುಗನದು. ಬೀರಣ್ಣ ತಲೆಯೆತ್ತಿ ನೋಡಿದ. ಭೀಮಶಾ ಮೂರನೆಯ ಉಂಡೆ ಮುಗಿಸಿ ರೊಟ್ಟಿ ಮುರಿಯುತ್ತಿದ್ದ. ಹಿಂಡಿ ಅವನ ಮೀಸೆಗೆ ಮೆತ್ತಿತ್ತು.

"ನಿಮ್ಮವ್ವನ ಕೈರುಚಿ ಚಲೋ ಅದ," ಅಂದ.

ಬೀರಣ್ಣ ಮೆಟ್ಟಿಲಿಳಿದು ಓಡಿ, ವಾಡೆಯ ಹಿಂದಿನ ಬೇಲಿಯ ಹತ್ತಿರ ಓಕರಿಸಿದ. ಖಾಲಿ ಹೊಟ್ಟೆಯಿಂದ ಹುಳಿನೀರಲ್ಲದೆ ಬೇರೇನೂ ಬರಲಿಲ್ಲ. ಮೇಲಿನಿಂದ ಭೀಮಶಾ, "ಯಾಕೋ, ಬಿಸಿಲು ಬಡೀತೇನು? ಮಜ್ಜಿಗಿ ತರಸ್ಲೇನು?" ಎಂದು ಕೂಗುತ್ತಿದ್ದ. ಆ ದನಿಯಲ್ಲಿ ಕಪಟವೇ ಇರಲಿಲ್ಲ. ಅದೇ ಬೀರಣ್ಣನಿಗೆ ಎಲ್ಲಕ್ಕಿಂತ ಹೇಸಿಗೆಯಾಗಿ ಕಂಡಿತು. ತಾನು ಕದ್ದಿದ್ದೇನೆ ಎಂಬುದೂ ಗೊತ್ತಿಲ್ಲದೆ ಕದ್ದವನು ಅವನು.

ಮರುದಿನ ಅವನು ಇಜೇರಿಗೆ ಹೋಗಲಿಲ್ಲ, ಸೀದಾ ಆಳಂದಕ್ಕೆ ಹೋದ. ದಾರಿಯಲ್ಲಿ ಮಟಕಿಯಿಂದ ಮಾಳಪ್ಪನನ್ನೂ ಕರೆದುಕೊಂಡ. ಬಸವಂತರಾಯ ಇವರನ್ನು ನೋಡಿ ಎದ್ದು ಕೂತು, "ಬರ್ರಿ ಬರ್ರಿ, ಅಫಜಲಪುರಕ್ಕ ಹೋಗಿದ್ದಿಯಂತಲ್ಲ," ಅಂದ. ಸುದ್ದಿ ಬೀರಣ್ಣನಿಗಿಂತ ಮುಂಚೆ ಬಂದಿತ್ತು.

"ನನ್ನ ಅಸಲು ಕೊಡ್ರಿ," ಅಂದ ಬೀರಣ್ಣ.

"ಅವು ಕಾಲೇಜಿನಾಗ ಅವ. ಕುಂದ್ರು."

"ನನ್ನ ಕಾಗದ ನೋಡಿ ನಾಕು ಮಂದಿಗೆ ಬರದು ಕೊಟ್ಟೀರಿ. ನನ್ನ ಜ್ವರ ಸೈತ ಬಿಡಲಿಲ್ಲ ನೀವು."

ಬಸವಂತರಾಯ ಸಿಟ್ಟಾಗಲಿಲ್ಲ. ಎಲೆಗೆ ಸುಣ್ಣ ಸವರುತ್ತ, ಮಗ್ಗಿ ಹೇಳಿಕೊಡುವವನ ಹಾಗೆ ಹೇಳಿದ: "ತಮ್ಮಾ, ರಂಗೂನ್ ಈಗ ಯಾರದು? ಜಪಾನದವರದು. ಅಲ್ಲಿಗೆ ಪತ್ರ ಹಾಕಿ ಕೇಳೋರು ಯಾರು? ನಿನ್ನ ಕಾಗದ ಖರೇ ಅಂತ ನೀ ಹೆಂಗ ತೋರಸ್ತಿ? ತೋರಸಾಕಾಗೂದಿಲ್ಲ. ಅವರ ಕಾಗದ ಸುಳ್ಳ ಅಂತ ಯಾರು ತೋರಸ್ತಾರ? ಯಾರಿಗೂ ಆಗೂದಿಲ್ಲ. ಹಂಗಾದ್ರ ಎರಡೂ ಒಂದೇ ಆದವಲ್ಲ. ಐದು ಮಂದಿ ಕೂಡಿ ಒಂದೇ ಮಾತು ಹೇಳಿದ್ರ ಐದೂ ಖರೇ. ನೀ ಅಲ್ಲಿ ಇದ್ದಾಂವ, ಇವರು ನನ್ನ ಜೋಡಿ ಓದ್ಯಾರ ಅಂತ ಒಂದು ಸಹಿ ಹಾಕು. ನಿನ್ನ ಕಲೆ ಬಿದ್ದ ಕಾಗದನೂ ನಡೀತದ."

"ಹಾಕದಿದ್ರ?"

"ಹಾಕದಿದ್ರ ಅದು ಒಂಟಿಯಾಗಿ ಉಳೀತದ. ಹೊಲಸಾದ ಕಾಗದ, ಕುರುಬರ ಹುಡುಗ, ಯಾರೂ ಕೇಳದ ಊರು. ನೀನೇ ನೋಡು."

ಮಾಳಪ್ಪ ಅಳಿಯನ ತೋಳು ಜಗ್ಗಿದ. "ಸಹಿ ಹಾಕಲೇ. ನಿನ್ನದೇನು ಹೋಗ್ತದ? ಅವರ ಪಾಪ ಅವರಿಗೆ. ನಿಮ್ಮವ್ವನ ಮಾರಿ ನೋಡು."

ಬೀರಣ್ಣ ತಾಯಿಯ ಮುಖವನ್ನೇ ನೆನೆದ. ಮೂರು ಬಿದಿರು ಮೆಳೆ ನೋಡ್ಯಾನೇನು ಕೇಳು ಎಂದಿದ್ದಳು. ಅವನು ಎದ್ದು ಹೊರಗೆ ಬಂದ. ಬಜಾರಿನ ಕೊಳಾಯಿಯಲ್ಲಿ ಬಾಯಿ ಮುಕ್ಕಳಿಸಿದ. ಆದರೂ ಸುಣ್ಣ ಕಾಚುಗಳ ಆ ವಾಸನೆ ಮೂಗಿನಿಂದ ಹೋಗಲಿಲ್ಲ.

ಇಜೇರಿಯಲ್ಲಿ ನಿಂಬೆವ್ವ ಬಾಗಿಲಲ್ಲೇ ಕಾದಿದ್ದಳು. "ಕಂಡ್ನೇನು? ಆ ಹಳ್ಳ ನೋಡ್ಯಾನಂತ?" ಅಂದಳು. ಸುಳ್ಳು ಹೇಳಿದ್ದರೆ ಅವಳಿಗೆ ಸಮಾಧಾನವಾಗುತ್ತಿತ್ತೇನೋ. ಬೀರಣ್ಣ ಇದ್ದದ್ದು ಇದ್ದ ಹಾಗೆ ಹೇಳಿದ. ಉಂಡೆ ತಿಂದದ್ದನ್ನೂ ಹೇಳಿದ. ನಿಂಬೆವ್ವ ಹೊಸ್ತಿಲ ಮೇಲೆ ಕೂತಳು. ಆಮೇಲೆ, "ಅಪ್ಪ ಸತ್ತೋರು ಬಂದ ಹಾದೀಲೆ ನಮ್ಮ ಮಕ್ಕಳೂ ಬಂದಾರ ಅಂತ ಅವರ ಅಪ್ಪಂದಿರೇ ಕಾಗದ ಮಾಡಿಸ್ಯಾರೇನು?" ಅಂದಳು. "ಥೂ, ಇವರ ಬಾಳೇವಿಗೆ ಬೆಂಕಿ ಹತ್ತಲಿ. ಸಹಿ ಹಾಕಬ್ಯಾಡ. ಹಾಕಿದ್ರ ಆ ಕಾಗದ ನಾ ಹೊತ್ತು ತಂದಿದ್ದೇ ಅಲ್ಲ ಅಂತೀನಿ."

ಮಾಸ್ತರರು ಪೂರ್ತಿ ಕಥೆ ಕೇಳಿ ಶೇರ್ವಾನಿ ಹುಡುಕಿ ಹಾಕಿಕೊಂಡರು. ಅದರ ಒಂದು ಗುಂಡಿ ಇರಲಿಲ್ಲ. ಬೀರಣ್ಣನ ಜೊತೆ ಷಹರಕ್ಕೆ ಬಂದು ಪ್ರಿನ್ಸಿಪಾಲರ ಕೋಣೆಯ ಮುಂದೆ ಒಂದು ಇಡೀ ದಿನ ಬೆಂಚಿನ ಮೇಲೆ ಕೂತರು. ಎರಡನೆಯ ದಿನ ಒಳಗೆ ಕರೆ ಬಂತು.

ಪ್ರಿನ್ಸಿಪಾಲರು ತೆಳ್ಳಗಿನ, ದಣಿದ ಮುಖದ ಮನುಷ್ಯ. ಐದೂ ಕಡತ ತರಿಸಿದರು. ಮಾಸ್ತರರು ಕನ್ನಡಕ ಏರಿಸಿ, ಐದೂ ತರ್ಜುಮೆಗಳ ಕೊನೆಯ ಸಾಲನ್ನು ಒಂದಾದ ಮೇಲೊಂದು ತಮ್ಮ ಸ್ಪಷ್ಟವಾದ ಉರ್ದುವಿನಲ್ಲಿ ಓದಿದರು. ಜುಲೈ, ವಿಷಮಜ್ವರ, ಹನ್ನೊಂದು ದಿನ. ಜುಲೈ, ವಿಷಮಜ್ವರ, ಹನ್ನೊಂದು ದಿನ. ಐದನೆಯದಕ್ಕೆ ಬರುವ ಹೊತ್ತಿಗೆ ಬಾಗಿಲಲ್ಲಿ ನಿಂತಿದ್ದ ಜವಾನನೂ ತುಟಿ ಕಚ್ಚಿಕೊಂಡಿದ್ದ. ಪ್ರಿನ್ಸಿಪಾಲರು ನಗಲಿಲ್ಲ.

"ಒಂದು ಅಸಲು ಇರಬಹುದು," ಅಂದರು. "ಯಾವುದು?"

"ನನ್ನದು ಸಾಹೇಬ್," ಅಂದ ಬೀರಣ್ಣ.

"ಐವರೂ ಹಾಗೆಯೇ ಹೇಳುತ್ತಾರೆ."

ಪ್ರಿನ್ಸಿಪಾಲರು ಬೀರಣ್ಣನ ಕಲೆ ಬಿದ್ದ ಕಾಗದವನ್ನೂ ಇನ್ನೊಬ್ಬನ ಸ್ವಚ್ಛವಾದ ಕಾಗದವನ್ನೂ ಪಕ್ಕಪಕ್ಕ ಇಟ್ಟರು. ನೋಡುವವರಿಗೆ ಸುಳ್ಳೇ ನಿಜದ ಹಾಗೆ ಹೊಳೆಯುತ್ತಿತ್ತು. ಮಾಸ್ತರರು ಮೆಲ್ಲಗೆ, "ಹುಜೂರ್, ಮೆಟ್ರಿಕ್ ಪಾಸಾದವರ ಹೆಸರು ಅಲ್ಲಿಯ ಸರಕಾರಿ ಗೆಜೆಟ್ಟಿನಲ್ಲಿ ಅಚ್ಚಾಗುತ್ತದೆ. ರಂಗೂನ್ ಹೋಗಿರಬಹುದು, ಗೆಜೆಟ್ ಹೋಗಿರಲಿಕ್ಕಿಲ್ಲ. ಹೈದರಾಬಾದಿನ ದೊಡ್ಡ ಗ್ರಂಥಾಲಯದಲ್ಲಿ ಒಂದು ಪ್ರತಿ ಇದ್ದರೂ ಇರಬಹುದು," ಅಂದರು. ಪ್ರಿನ್ಸಿಪಾಲರು ಒಂದು ಗಳಿಗೆ ಅವರನ್ನೇ ನೋಡಿ, ಪತ್ರ ಬರೆಯಲು ಒಪ್ಪಿದರು.

ಉತ್ತರ ಬರಲು ಇಪ್ಪತ್ತೆರಡು ದಿನ ಹಿಡಿಯಿತು. ಆ ಇಪ್ಪತ್ತೆರಡು ದಿನ ಎರಡನೆಯ ವರ್ಷದ ತರಗತಿ ನಡೆಯಿತು. ಭೀಮಶಾ ಮತ್ತು ಉಳಿದ ಮೂವರು ಬೆಂಚಿನಲ್ಲಿ ಕೂತು ಪಾಠ ಕೇಳಿದರು. ಬೀರಣ್ಣ ಹೊರಗಿನ ಬೇವಿನ ಮರದ ಕೆಳಗೆ ಕೂತು ಕಿಟಕಿಯಿಂದ ಬಂದಷ್ಟನ್ನು ಕೇಳಿಸಿಕೊಂಡ. ಭೀಮಶಾ ದಿನಾ ಇವನನ್ನು ನೋಡಿ ಕೈಯೆತ್ತುತ್ತಿದ್ದ. ಬೀರಣ್ಣ ಕೈಯೆತ್ತುತ್ತಿರಲಿಲ್ಲ.

ಕಡೆಗೆ ಒಂದು ದಿನ ಪ್ರಿನ್ಸಿಪಾಲರು ಕರೆಸಿದರು. ಗೆಜೆಟ್ಟಿನ ಪುಟದ ನಕಲು ಮೇಜಿನ ಮೇಲಿತ್ತು. ಇಂಗ್ಲಿಷ್ ಅಕ್ಷರದಲ್ಲಿ, ಬರ್ಮಿ ಹೆಸರುಗಳ ನಡುವೆ, ಬೀರಣ್ಣ ಹುಲೆಪ್ಪ ಎಂಬ ಹೆಸರಿತ್ತು. ಭೀಮಶಾನದಿರಲಿಲ್ಲ. ಉಳಿದ ಮೂವರದೂ ಇರಲಿಲ್ಲ.

"ನೀನು ನಿಜ ಹೇಳಿದ್ದೀಯ," ಅಂದರು ಪ್ರಿನ್ಸಿಪಾಲರು. ಕುರ್ಚಿಗೆ ಒರಗಿ ಕಣ್ಣುಜ್ಜಿಕೊಂಡರು. "ಮೆಟ್ರಿಕ್ ಮಾನ್ಯ. ಆದರೆ ಕಾಲೇಜಿನ ಮೊದಲ ವರ್ಷದ ಅಂಕಗಳು ಗೆಜೆಟ್ಟಿನಲ್ಲಿ ಬರುವುದಿಲ್ಲ. ಅದಕ್ಕೆ ನಿನ್ನ ಕಾಗದವೊಂದೇ ಆಧಾರ. ಈ ಗಲಾಟೆಯ ಮೇಲೆ ಮೇಲಿನವರು ಆಜ್ಞೆ ಹೊರಡಿಸಿದ್ದಾರೆ. ರಂಗೂನಿನ ಯಾವ ಕಾಲೇಜಿನ ಕಾಗದವನ್ನೂ ಲೆಕ್ಕಕ್ಕೆ ಹಿಡಿಯಬಾರದು. ನೀನು ಮೊದಲ ವರ್ಷಕ್ಕೆ ಕೂರಬೇಕು."

"ಓದಿದ ವರ್ಷ ಮತ್ತ ಓದಬೇಕೇನ್ರಿ?"

"ಹೌದು."

"ಆ ನಾಕು ಮಂದಿಗೆ?"

ಪ್ರಿನ್ಸಿಪಾಲರು ಕಿಟಕಿಯ ಕಡೆ ನೋಡಿದರು. "ಅವರು ಸ್ವಂತ ಇಚ್ಛೆಯಿಂದ ಕಾಲೇಜು ಬಿಟ್ಟಿದ್ದಾರೆ ಎಂದು ದಾಖಲಾಗಿದೆ."

"ಸ್ವಂತ ಇಚ್ಛೆಯಿಂದ" ಎಂಬ ಮಾತನ್ನು ಬೀರಣ್ಣ ಒಳಗೇ ಎರಡು ಸಲ ಹೇಳಿಕೊಂಡ. ಹಾಗಾದರೆ ಕಳ್ಳರ ಹೆಸರಿನ ಮುಂದೆ ಮಸಿಯಿಲ್ಲ. ಮಸಿ ಬಿದ್ದದ್ದು ರಂಗೂನಿಗೆ.

ಕಾಲೇಜು ಅವನ ಅಸಲು ಕಾಗದಗಳನ್ನು ಮೊಹರು ಹಾಕಿದವನ ವಶಕ್ಕೇ ವಾಪಸು ಕಳಿಸಿತ್ತು, ನಿಯಮ ಹಾಗಿತ್ತಂತೆ. ಆದ್ದರಿಂದ ಇನ್ನೊಂದು ಸಲ ಆಳಂದಕ್ಕೆ ಹೋಗಲೇಬೇಕಾಯಿತು. ಮಾಳಪ್ಪ ಜೊತೆಗೆ ಬರಲಿಲ್ಲ. "ಬಾಯಿ ಮುಚಗೊಂಡು ಇದ್ದಿದ್ರ ಇಷ್ಟೊತ್ತಿಗೆ ಎರಡನೇ ವರ್ಷದಾಗ ಕೂತಿರ್ತಿದ್ದಿ. ನನ್ನ ಮಾರಿಗೂ ಮಣ್ಣು ಹಾಕಿದಿ," ಎಂದು ಮುಖ ತಿರುಗಿಸಿದ್ದ.

ಬಸವಂತರಾಯ ಬೈಯುತ್ತಾನೆ, ಹೊಡೆಸಿದರೂ ಹೊಡೆಸುತ್ತಾನೆ ಎಂದು ಬೀರಣ್ಣ ಎದೆ ಗಟ್ಟಿಮಾಡಿಕೊಂಡೇ ಹೋದ. ಆ ಮನುಷ್ಯ ನಕ್ಕು ಬರಮಾಡಿಕೊಂಡ.

"ಬಾರಪಾ. ಚಾ ಕುಡೀತಿ? ಗೆಜೆಟ್ಟಿನ ಮಾತು ನನಗ ಹೊಳೀಲೇ ಇಲ್ಲ ನೋಡು. ಆ ಮಾಸ್ತರ ಶಾಣ್ಯಾ ಇದ್ದಾನ." ಕಾಗದಗಳನ್ನು ಹೊಸ ಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದ, ಎರಡೂ ಕೈಯಿಂದ ಕೊಟ್ಟ. "ಮನಸ್ಸಿನ್ಯಾಗ ಏನೂ ಇಟಗೋಬ್ಯಾಡ. ಮುಂದಿನ ವರ್ಷಕ್ಕ ಸಿಂಗಾಪುರ ಅದ, ಅದೂ ಜಪಾನಿನ ಕೈಯಾಗ ಅದ. ನಿನ್ನ ಇಂಗ್ಲಿಷು ಚಲೋ ಅದ. ನನಗೊಬ್ಬ ಬರೆಯೋ ಮನಷ್ಯಾ ಬೇಕಾಗ್ಯಾನ."

ಸಿಟ್ಟಾದವನಿಗಾದರೆ ಬೈಯಬಹುದು, ಹೆದರಿದವನಿಗಾದರೆ ಬೈಯಬಹುದು. ಇವನು ಸಿಟ್ಟಾಗಿಲ್ಲ, ಹೆದರಿಲ್ಲ. ಮಳೆ ಬಂತು ಹೋಯಿತು ಎಂಬ ಹಾಗೆ ಕೂತಿದ್ದಾನೆ. ಇವನ ಮೇಲೆ ಉಗಿದರೆ ಒರೆಸಿಕೊಂಡು, ನಿನಗೂ ಒಂದು ಎಲೆ ಕೊಡಲೇನು ಎಂದು ಕೇಳುತ್ತಾನೆ. ಚಹದ ಬಟ್ಟಲು ಮುಂದೆ ಬಂತು. ಬೀರಣ್ಣ ಅದನ್ನು ಮುಟ್ಟದೆ ಎದ್ದ. ಹೊಸ ಬಟ್ಟೆಯನ್ನು ಬಿಚ್ಚಿ ಅಲ್ಲೇ ಜಮಖಾನದ ಮೇಲೆ ಬಿಟ್ಟು ಕಾಗದ ಮಾತ್ರ ಹಿಡಿದು ಹೊರಗೆ ಬಂದ. ಹಿಂದಿನಿಂದ, "ವಿಚಾರ ಮಾಡು ಮತ್ತ," ಎಂಬ ದನಿ ಕೇಳಿತು.

ಮೊದಲ ವರ್ಷಕ್ಕೆ ಸೇರುವುದೇ ಬೇಡ ಎಂದು ಎರಡು ದಿನ ಮಲಗಿದ. ಇಜೇರಿಯಲ್ಲಿ ಕುರಿ ಕಾಯಬಹುದು, ಕೂಲಿ ಮಾಡಬಹುದು. ಆ ಕಾಲೇಜಿನ ಕಿಟಕಿ, ಆ ಕಾರಕೂನ, ಆ ದಾಖಲೆ ಪುಸ್ತಕ ನೆನೆದರೆ ಅನ್ನ ಇಳಿಯುತ್ತಿರಲಿಲ್ಲ. ಮೂರನೆಯ ದಿನ ನಿಂಬೆವ್ವ ತಾನೇ ಬಂದು ಹೊದಿಕೆ ಎಳೆದಳು.

"ಹೇಸಿಗಿ ತುಳದೀ, ಕಾಲು ತೊಳಕೋ, ನಡಿ," ಅಂದಳು. "ಹೇಸಿಗಿ ಅಂತ ಕಾಲು ಕಡಕೊಳ್ತಾರೇನು?"

ಅವನು ಎದ್ದ. ತಲೆಗೆ ನೀರು ಹಾಕಿಕೊಂಡು, ಮಾಸ್ತರರು ಕೊಟ್ಟ ಹಳೆಯ ಕೋಟು ತೊಟ್ಟು ಹೊರಟ.

ಮೊದಲ ವರ್ಷದ ತರಗತಿಯಲ್ಲಿ ನಲವತ್ತು ಹುಡುಗರಿದ್ದರು, ಎಲ್ಲರೂ ಇವನಿಗಿಂತ ಎರಡು ಮೂರು ವರ್ಷ ಸಣ್ಣವರು. ಹಾಜರಿ ತೆಗೆದುಕೊಳ್ಳುವ ಅಧ್ಯಾಪಕರು ಹೊಸ ಹೆಸರು ನೋಡಿ ತಲೆಯೆತ್ತಿದರು.

"ಹಿಂದೆ ಎಲ್ಲಿ ಓದಿದೆ?"

ಬೀರಣ್ಣ ಎದ್ದು ನಿಂತ. "ರಂಗೂನ್," ಅಂದ.

ತರಗತಿಯೇ ಭುಗಿಲೆಂದು ನಕ್ಕಿತು. ಹಿಂದಿನ ಬೆಂಚಿನವನೊಬ್ಬ, "ಹೆಚ್ಚು ದೂರ ಇಲ್ರಿ, ಆಳಂದ ಬಜಾರಿನಾಗ ಅದ ರಂಗೂನ್," ಎಂದು ಕೂಗಿದ. ಇನ್ನೊಬ್ಬ ಕೈಬೆರಳಿನ ನಡುವೆ ಮೊಹರು ಒತ್ತುವ ಹಾಗೆ ಮಾಡಿದ. ಈ ಎರಡು ತಿಂಗಳಲ್ಲಿ ಕಾಲೇಜಿನ ಹುಡುಗರ ಬಾಯಲ್ಲಿ ರಂಗೂನ್ ಎಂದರೆ ಖೊಟ್ಟಿ ಎಂದೇ ಅರ್ಥವಾಗಿತ್ತು. ಸುಳ್ಳು ಹೇಳಿದವನಿಗೆ ರಂಗೂನ್ ಬಿಡಬ್ಯಾಡಲೇ ಅನ್ನುತ್ತಿದ್ದರಂತೆ.

ಅವನು ಹುಟ್ಟಿದ ಊರು ಅದು. ಅವನಪ್ಪ ಹನ್ನೆರಡು ವರ್ಷ ಸಗಣಿ ಬಳಿದ ಊರು. ಕೂರಲು ಅಧ್ಯಾಪಕರು ಕೈಸನ್ನೆ ಮಾಡಿದರು. ಅವನು ಕೂರಲಿಲ್ಲ. ನಗು ಒಂದೊಂದೇ ಬೆಂಚಿನಲ್ಲಿ ಆರಿ, ಹಿಂದಿನ ಬೆಂಚಿನವನೂ ಕೆಮ್ಮಿ ಸುಮ್ಮನಾಗುವ ತನಕ ಕಾದ.

"ಬರಕೊಳ್ರಿ," ಅಂದ ಆಮೇಲೆ, ಒಂದೊಂದು ಅಕ್ಷರವನ್ನೂ ಬಿಡಿಸಿ. "ರಂಗೂನ್."

ಅಧ್ಯಾಪಕರು ಒಂದು ಕ್ಷಣ ಅವನ ಮುಖ ನೋಡಿ, ದೌತಿಗೆ ಲೇಖನಿ ಅದ್ದಿ ಬರೆದರು.